ಗಂಟೆ ಬಾರಿಸದ ದೂರವಾಣಿ

ಕಛೇರಿಯ ದೂರವಾಣಿ ಕೆಟ್ಟಿದೆ ಎಂಬ ಸಂಗತಿ ಆ ಕಛೇರಿಯವರಿಗೆ ಎಲ್ಲರಿಗಿಂತ ಕೊನೆಗೆ ತಿಳಿಯುತ್ತದೆ. ದೀಪ ಆರಿದರೆ ಕತ್ತಲಾಗುತ್ತದೆ. ಪಂಖ ನಿಂತರೆ ಬೆವರು ಹರಿಯುತ್ತದೆ. ಆದರೆ ದೂರವಾಣಿಯ ಗಂಟೆ ಬಾರಿಸದೆ ಹೋದಾಗ ಯಾರಿಗೂ ಏನೂ ಆದಂತೆ ತೋರುವುದಿಲ್ಲ. ಇಂದೇಕೋ ಕರೆಗಳೇ ಇಲ್ಲವಲ್ಲ ಎಂದು ಗುಮಾಸ್ತೆ ನೆಮ್ಮದಿಯಿಂದ ಕಾಫಿ ಕುಡಿಯುತ್ತಾನೆ. ಅತ್ತ, ಹಲ್ಲುನೋವಿನಿಂದ ನರಳುವ ರೋಗಿ ವೈದ್ಯರ ಸಂಖ್ಯೆಯನ್ನು ನಾಲ್ಕನೆಯ ಬಾರಿ ಒತ್ತಿ, ಬೇಸತ್ತು, ಬೇರೊಬ್ಬ ವೈದ್ಯರನ್ನು ಅರಸಿಕೊಂಡು ಹೊರಟಿರುತ್ತಾನೆ. ಮಗುವನ್ನು ಕರೆದೊಯ್ಯಲು ತಾನು ಬರುವುದು ತಡವಾಗುತ್ತದೆಂದು ಶಾಲೆಗೆ ತಿಳಿಸಬೇಕಾದ ತಾಯಿ, ಉತ್ತರ ಬಾರದೆ ಕಂಗಾಲಾಗಿರುತ್ತಾಳೆ. “ಏನು ಸ್ವಾಮಿ, ಮೂರು ದಿನದಿಂದ ಫೋನು ಮಾಡುತ್ತಿದ್ದೇನೆ, ಎತ್ತುವವರೇ ಇಲ್ಲ. ವ್ಯವಹಾರ ನಿಲ್ಲಿಸಿಬಿಟ್ಟಿರೇನೋ ಎಂದುಕೊಂಡೆ” ಎಂದು ಹಳೆಯ ಗಿರಾಕಿಯೊಬ್ಬರು ಬೀದಿಯಲ್ಲಿ ಎದುರಾಗಿ ಕೇಳಿದಾಗಲೇ ಯಜಮಾನರಿಗೆ ಎಚ್ಚರವಾಗುವುದು.

ಈ ತೊಂದರೆ ಹಿಂದೆಯೂ ಇತ್ತು. ಆದರೆ ಸಣ್ಣ ಕಛೇರಿಗಳ ಮೇಜಿನ ಮೇಲೆ ಈಗ ಬಂದು ಕುಳಿತಿರುವ ಐ. ಪಿ. ದೂರವಾಣಿ, ಎಂದರೆ ಇಂಟರ್‌ನೆಟ್ಟಿನ ಮೂಲಕ ಮಾತನ್ನು ಸಾಗಿಸುವ ದೂರವಾಣಿ, ಈ ತೊಂದರೆಗೆ ಹೊಸ ಹೊಸ ದಾರಿಗಳನ್ನು ತೆರೆದಿದೆ. ನೋಡುವುದಕ್ಕೆ ಅದು ಹಳೆಯ ಫೋನಿನ ತಮ್ಮನಂತೆಯೇ ಇದೆ: ಅದೇ ರಿಸೀವರು, ಅವೇ ಹನ್ನೆರಡು ಗುಂಡಿಗಳು. ಒಳಗೆ ಮಾತ್ರ ಅದೊಂದು ಪುಟ್ಟ ಗಣಕಯಂತ್ರ. ಇದನ್ನು ಕೊಳ್ಳುವವರೂ, ಕೆಟ್ಟಾಗ ಸರಿಪಡಿಸಲು ಹೊರಟವರೂ ಮೊದಲು ಮನಗಾಣಬೇಕಾದ ಮಾತು ಒಂದೇ: ಹೊಸ ದೂರವಾಣಿಯಲ್ಲಿ ಉಪಕರಣವು ಸಣ್ಣ ಭಾಗ, ಮಾತು ಸಾಗುವ ದಾರಿಯೇ ದೊಡ್ಡ ಭಾಗ. ಇದನ್ನು ಮರೆತವರು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ದಾರಿ ಕೆಟ್ಟಾಗ ಫೋನನ್ನು ಬದಲಾಯಿಸಿ ಹಣ ಕಳೆಯುತ್ತಾರೆ.

ತಾಮ್ರದ ತಂತಿಯ ಕಾಲ

ಅಲೆಗ್ಸಾಂಡರ್ ಗ್ರಹಾಂ ಬೆಲ್ ತನ್ನ ಸಹಾಯಕ ವಾಟ್ಸನನನ್ನು ತಂತಿಯ ಮೂಲಕ ಕರೆದದ್ದು 1876ರ ಮಾರ್ಚ್ 10ರಂದು. ಆರು ವರ್ಷಗಳೊಳಗೆ, 1882ರ ಜನವರಿಯಲ್ಲಿ, ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ದೂರವಾಣಿ ವಿನಿಮಯ ಕೇಂದ್ರಗಳು ತೆರೆದವು. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಅದು ನೆಲೆಸಿದ ಬಡಾವಣೆಗೆ ದೂರವಾಣಿನಗರ ಎಂಬ ಹೆಸರೇ ನಿಂತಿತು. ಅಲ್ಲಿ ತಯಾರಾದ ಕರಿಯ ಫೋನುಗಳು ದೇಶದ ಎಷ್ಟೋ ಮನೆಗಳ ಪಡಸಾಲೆಯಲ್ಲಿ, ಕಸೂತಿಯ ಬಟ್ಟೆ ಹೊದ್ದು, ಗೌರವದಿಂದ ಕುಳಿತಿದ್ದವು.

ಆ ಕರಿಯ ಫೋನಿನಲ್ಲಿ ಒಂದು ದೊಡ್ಡ ಗುಣವಿತ್ತು. ಅದಕ್ಕೆ ಬೇಕಾದ ವಿದ್ಯುತ್ತು ಮನೆಯದಾಗಿರಲಿಲ್ಲ. ವಿನಿಮಯ ಕೇಂದ್ರದಲ್ಲಿದ್ದ 48 ವೋಲ್ಟಿನ ಬ್ಯಾಟರಿಗಳಿಂದ, ಮಾತು ಬರುವ ಅದೇ ತಾಮ್ರದ ಜೋಡಿ ತಂತಿಯಲ್ಲಿ ಅದು ಹರಿದು ಬರುತ್ತಿತ್ತು. ಆದ್ದರಿಂದ ಇಡೀ ಬೀದಿ ಕತ್ತಲಲ್ಲಿ ಮುಳುಗಿದ್ದರೂ ಫೋನು ಮಾತ್ರ ಮಾತನಾಡುತ್ತಿತ್ತು. ಆ ಫೋನಿಗೆ ಹೆಸರಿಲ್ಲ, ಪಾಸ್‌ವರ್ಡಿಲ್ಲ, ಹೊಂದಿಕೆಗಳಿಲ್ಲ. ತಂತಿ ಸಿಕ್ಕಿಸಿದರೆ ಜೀವ, ಕಿತ್ತರೆ ಮೌನ. ದೋಷವೇನಿದ್ದರೂ ಲೈನ್‌ಮನ್ ಬಂದು ಕಂಬ ಹತ್ತುತ್ತಿದ್ದನು; ಆ ಬರುವಿಕೆಗೆ ಎಷ್ಟು ದಿನ ಕಾಯಬೇಕೆಂಬುದು ಬೇರೆಯ ಮಾತು.

ಮಾತು ಪೊಟ್ಟಣವಾಗುವ ಬಗೆ

ಹೊಸ ಫೋನಿನಲ್ಲಿ ನಡೆಯುವುದೇ ಬೇರೆ. ರಿಸೀವರಿನಲ್ಲಿ ಆಡಿದ ಮಾತನ್ನು ಉಪಕರಣವು ಸೆಕೆಂಡಿಗೆ 8000 ಬಾರಿ ಅಳೆದು ಪ್ರತಿಯೊಂದು ಅಳತೆಯನ್ನೂ ಅಂಕಿಯಾಗಿ ಬರೆದುಕೊಳ್ಳುತ್ತದೆ. ಈ ಅಂಕಿಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 50 ಪೊಟ್ಟಣಗಳಾಗಿ ಕಟ್ಟಿ, ಮೇಲೆ ವಿಳಾಸ ಬರೆದು, ಇಂಟರ್‌ನೆಟ್ಟಿಗೆ ಬಿಡುತ್ತದೆ. “ನಮಸ್ಕಾರ, ಯಾರು ಮಾತನಾಡುವುದು?” ಎಂಬಷ್ಟು ಹೇಳುವುದರೊಳಗೆ ನೂರು ಪೊಟ್ಟಣಗಳು ಹೊರಟುಬಿಟ್ಟಿರುತ್ತವೆ. ಅವು ಇಮೇಲುಗಳ, ಚಲಚ್ಚಿತ್ರಗಳ, ಲೆಕ್ಕಪತ್ರಗಳ ಪೊಟ್ಟಣಗಳ ನಡುವೆ ನುಸುಳಿ, ಅತ್ತಣ ಫೋನನ್ನು ಸೇರಿ, ಮತ್ತೆ ಕ್ರಮವಾಗಿ ಜೋಡಿಸಲ್ಪಟ್ಟು ಮಾತಾಗಬೇಕು. ತಡವಾಗಿ ಬಂದ ಪೊಟ್ಟಣ ಬಾರದ ಪೊಟ್ಟಣಕ್ಕೆ ಸಮಾನ. ಇಮೇಲು ಐದು ಸೆಕೆಂಡು ತಡವಾದರೆ ಯಾರಿಗೂ ನಷ್ಟವಿಲ್ಲ. ಮಾತು ಅರ್ಧ ಸೆಕೆಂಡು ತಡವಾದರೂ ಸಂಭಾಷಣೆ ಮುರಿಯುತ್ತದೆ.

ಅಮೆರಿಕದಲ್ಲಿ ಈ ಪ್ರಯೋಗ ನಡೆದದ್ದು 1974ರಷ್ಟು ಹಿಂದೆ. ಜನಸಾಮಾನ್ಯರು ಕೊಳ್ಳಬಹುದಾದ ಇಂಟರ್‌ನೆಟ್ ಫೋನಿನ ತಂತ್ರಾಂಶ ಪೇಟೆಗೆ ಬಂದದ್ದು 1995ರಲ್ಲಿ. ಬೇರೆ ಬೇರೆ ಕಂಪನಿಗಳ ಫೋನುಗಳು ಪರಸ್ಪರ ಅರ್ಥಮಾಡಿಕೊಳ್ಳಲು ಬೇಕಾದ ನಿಯಮಾವಳಿಗೆ ‘ಸಿಪ್’ ಎಂದು ಹೆಸರು. ಅದರ ಮೊದಲ ಅಧಿಕೃತ ರೂಪ 1999ರಲ್ಲಿಯೂ, ಇಂದು ಬಳಕೆಯಲ್ಲಿರುವ ರೂಪ 2002ರಲ್ಲಿಯೂ ಹೊರಬಂದವು. ಭಾರತದಲ್ಲಿ 2002ರ ಏಪ್ರಿಲ್ 1ರಿಂದ ಇಂಟರ್‌ನೆಟ್ ದೂರವಾಣಿಗೆ ಮಿತವಾದ ಅನುಮತಿ ದೊರೆಯಿತು. ಪರವಾನಗಿ ಪಡೆದ ಸಂಸ್ಥೆಗಳು ಅದನ್ನು ಸಾಮಾನ್ಯ ದೂರವಾಣಿ ಜಾಲಕ್ಕೆ ಸೇರಿಸಬಹುದೆಂಬುದು ಸ್ಪಷ್ಟವಾದದ್ದು 2018ರಲ್ಲಿ. ಹೀಗಾಗಿ ಸಂಪರ್ಕವನ್ನು ಪರವಾನಗಿಯುಳ್ಳವರಿಂದಲೇ ಪಡೆಯತಕ್ಕದ್ದು. ಅಗ್ಗದ ಒಳದಾರಿ ತೋರುವವರ ಮಾತಿಗೆ ಮರುಳಾದರೆ ಉಳಿಸಿದ ಹಣಕ್ಕಿಂತ ತೊಡಕೇ ಹೆಚ್ಚಾದೀತು.

ಫೋನು ಕರೆಗಳನ್ನು ಪಡೆಯುವ ಬಗೆಯನ್ನೂ ಇಲ್ಲಿಯೇ ತಿಳಿಯಬೇಕು. ಹಳೆಯ ಫೋನನ್ನು ವಿನಿಮಯ ಕೇಂದ್ರವು ತಂತಿಯಿಂದಲೇ ಗುರುತಿಸುತ್ತಿತ್ತು. ಹೊಸ ಫೋನು ಮಾತ್ರ, ಪರಸ್ಥಳಕ್ಕೆ ಹೋದ ಮಗ ಆಗಾಗ್ಗೆ ಮನೆಗೆ ಕಾಗದ ಬರೆಯುವಂತೆ, “ನಾನು ಇಂಥ ವಿಳಾಸದಲ್ಲಿದ್ದೇನೆ” ಎಂದು ಸೇವಾಸಂಸ್ಥೆಯ ಗಣಕಕ್ಕೆ ತಾನೇ ತಿಳಿಸುತ್ತಿರಬೇಕು. ಇದಕ್ಕೆ ನೋಂದಣಿ ಎನ್ನುತ್ತಾರೆ. ಈ ಕಾಗದ ನಿಂತಿತೆಂದರೆ, ಫೋನಿನ ದೀಪ ಉರಿಯುತ್ತಿದ್ದರೂ ಕರೆ ಬರಲು ದಾರಿಯಿಲ್ಲ.

ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಜೇಬಿನಲ್ಲಿ ಮೊಬೈಲು ಇರುವಾಗ ಮೇಜಿನ ಫೋನೇಕೆ ಎಂದು ಕೇಳುವವರುಂಟು. ಮೊಬೈಲು ಒಬ್ಬ ವ್ಯಕ್ತಿಯದು. ಮೇಜಿನ ಫೋನು ಕಛೇರಿಯದು. ಗುಮಾಸ್ತೆ ರಜೆಯ ಮೇಲಿದ್ದರೂ ಗಂಟೆ ಬಾರಿಸುತ್ತದೆ, ಹತ್ತಿರವಿದ್ದವರು ಎತ್ತುತ್ತಾರೆ. ಕೆಲಸ ಬಿಟ್ಟುಹೋದವನ ಜೊತೆಯಲ್ಲಿ ಗಿರಾಕಿಗಳ ಕರೆಗಳು ಹೋಗುವುದಿಲ್ಲ. ಇಷ್ಟು ಪ್ರಯೋಜನಕ್ಕೆ ಆರಂಭದ ದರ್ಜೆಯ ಫೋನೇ ಧಾರಾಳವಾಗಿ ಸಾಕು. ಬಣ್ಣದ ಪರದೆ, ಕ್ಯಾಮರಾ, ಇಪ್ಪತ್ತು ಗುಂಡಿಗಳ ಸಾಲು ಇವೆಲ್ಲ ಅಂಗಡಿಯ ಗಾಜಿನ ಹಿಂದೆ ಚೆನ್ನ.

ಮೊದಲನೆಯ ಪ್ರಶ್ನೆ, ಫೋನಿಗೆ ವಿದ್ಯುತ್ತು ಬರುವುದು ಎಲ್ಲಿಂದ ಎಂಬುದು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಅಡಾಪ್ಟರಿನಿಂದ ಪಡೆಯುವುದು ಒಂದು ಬಗೆ. ಪಿ. ಒ. ಇ. ಎಂಬುದು ಇನ್ನೊಂದು: ಇದರಲ್ಲಿ ಜಾಲದ ಕೇಬಲ್ಲೇ ವಿದ್ಯುತ್ತನ್ನೂ ತರುತ್ತದೆ. 2003ರಲ್ಲಿ ನಿಗದಿಯಾದ ಮಾನದಂಡದಂತೆ ಸ್ವಿಚ್ಚು ಎಂಬ ಪೆಟ್ಟಿಗೆಯು ಪ್ರತಿಯೊಂದು ಕೇಬಲ್ಲಿನಲ್ಲೂ 15.4 ವಾಟಿನವರೆಗೆ ಕೊಡಬಲ್ಲದು. ಸಾಧಾರಣ ಫೋನಿಗೆ ಬೇಕಾದದ್ದು ಕೆಲವೇ ವಾಟು. ಎಲ್ಲ ಫೋನುಗಳಿಗೂ ಒಂದೇ ಪೆಟ್ಟಿಗೆಯಿಂದ ವಿದ್ಯುತ್ತು ಹೋಗುವುದರಿಂದ, ಆ ಒಂದು ಪೆಟ್ಟಿಗೆಗೆ ಬ್ಯಾಟರಿ ಬೆಂಬಲವಿತ್ತರೆ ಎಲ್ಲವೂ ಬದುಕುತ್ತವೆ. ಇಲ್ಲಿ ಕೊಳ್ಳುವವರು ಎಡವುವುದು ಒಂದೇ ಒಂದು ಅಕ್ಷರದಲ್ಲಿ. ಯೀಲಿಂಕ್ ಕಂಪನಿಯ ಟಿ31 ಎಂಬ ಫೋನಿಗೆ ಕೇಬಲ್ಲಿನ ವಿದ್ಯುತ್ತು ಸಲ್ಲದು, ಟಿ31ಪಿ ಎಂಬುದಕ್ಕೆ ಸಲ್ಲುತ್ತದೆ. ಗ್ರಾಂಡ್‌ಸ್ಟ್ರೀಮ್ ಕಂಪನಿಯ ಜಿಆರ್‌ಪಿ2601, ಜಿಆರ್‌ಪಿ2601ಪಿ ಇವುಗಳಿಗೂ ಇರುವ ಭೇದ ಇದೇ. ಪೆಟ್ಟಿಗೆಯ ಮೇಲಿನ ಬಾಲಾಕ್ಷರವನ್ನು ಓದದೆ ಹತ್ತು ಫೋನು ತಂದವರು ಆಮೇಲೆ ಹತ್ತು ಅಡಾಪ್ಟರುಗಳಿಗೆ ಪ್ಲಗ್ಗು ಹುಡುಕಬೇಕಾಗುತ್ತದೆ. ಅಡಾಪ್ಟರುಗಳಲ್ಲಿಯೂ 5 ವೋಲ್ಟಿನವು, 12 ವೋಲ್ಟಿನವು ಎಂದು ಬಗೆಗಳುಂಟು. ತೂತಿಗೆ ಹೊಂದಿತೆಂಬ ಮಾತ್ರಕ್ಕೆ ಒಂದರದನ್ನು ಇನ್ನೊಂದಕ್ಕೆ ಸಿಕ್ಕಿಸಿದರೆ ಫೋನು ಸುಟ್ಟೀತು.

ಎರಡನೆಯ ಪ್ರಶ್ನೆ ಫೋನಿನ ಹಿಂದಿನ ಎರಡು ಕಿಂಡಿಗಳದು. ಒಂದು ಗೋಡೆಯಿಂದ ಬರುವ ಕೇಬಲ್ಲಿಗೆ. ಇನ್ನೊಂದು ಮೇಜಿನ ಗಣಕಯಂತ್ರಕ್ಕೆ. ಒಂದೇ ಕೇಬಲ್ಲಿನಿಂದ ಎರಡಕ್ಕೂ ಸಂಪರ್ಕ ದೊರೆಯುವುದು ಅನುಕೂಲವೇ ಸರಿ. ಆದರೆ ಅಗ್ಗದ ಫೋನುಗಳ ಕಿಂಡಿಯ ವೇಗ ಸೆಕೆಂಡಿಗೆ 100 ಮೆಗಾಬಿಟ್ಟಿಗೆ ಮಿತವಾಗಿರುವುದರಿಂದ, ಅದರ ಬೆನ್ನಿಗೆ ಜೋಡಿಸಿದ ಗಣಕಯಂತ್ರವೂ ಅಷ್ಟಕ್ಕೇ ತೃಪ್ತಿಪಡಬೇಕು. ಕಾಗದ ಪತ್ರ, ಲೆಕ್ಕ ಬರೆಯುವ ಕಛೇರಿಗೆ ಇದರಿಂದ ಬಾಧಕವಿಲ್ಲ. ದೊಡ್ಡ ಚಿತ್ರಗಳನ್ನೂ ನಕ್ಷೆಗಳನ್ನೂ ಸಾಗಿಸುವವರು ಗಿಗಾಬಿಟ್ ಕಿಂಡಿಯುಳ್ಳದ್ದನ್ನು ಕೊಳ್ಳುವುದು ಮೇಲು.

ಮೂರನೆಯದು ಧ್ವನಿ. ಹಳೆಯ ದೂರವಾಣಿಯಲ್ಲಿ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸ್ವರ ಮಾತ್ರ ಸಾಗುತ್ತಿತ್ತು. ‘ಸ’ಕಾರ ‘ಫ’ಕಾರಗಳು ಒಂದೇ ತೆರನಾಗಿ ಕೇಳಿ ಹೆಸರುಗಳು ಅದಲುಬದಲಾಗುತ್ತಿದ್ದುದು ಇದರಿಂದಲೇ. ಜಿ.722 ಎಂಬ ಧ್ವನಿಕ್ರಮವನ್ನು ಬಲ್ಲ ಫೋನು 7000 ಹರ್ಟ್ಸ್‌ವರೆಗೆ ಸಾಗಿಸಬಲ್ಲದು. ಎರಡೂ ಕಡೆ ಹಾಗೂ ನಡುದಾರಿಯಲ್ಲಿ ಈ ಅನುಕೂಲವಿದ್ದಾಗ ಮಾತ್ರ ಇದರ ಫಲ ತಿಳಿಯುವುದು. ಆದರೂ ಕಛೇರಿಯ ಒಳಗಿನ ಕರೆಗಳಲ್ಲಿ ವ್ಯತ್ಯಾಸ ಕಿವಿಗೆ ಕೂಡಲೆ ಗೊತ್ತಾಗುತ್ತದೆ.

ನಾಲ್ಕನೆಯದು ಸ್ವಾತಂತ್ರ್ಯ. ಫೋನು ಸಿಪ್ ನಿಯಮಾವಳಿಯಂತೆ ಎಲ್ಲ ಸೇವೆಗಳೊಡನೆಯೂ ಹೊಂದುವುದೋ, ಅಥವಾ ಒಬ್ಬನೇ ಸೇವಾದಾರನಿಗೆ ಬೀಗ ಹಾಕಲ್ಪಟ್ಟಿದೆಯೋ ಎಂದು ಕೇಳಿ ತಿಳಿಯಬೇಕು. ಬೀಗ ಬಿದ್ದ ಫೋನು ಅಗ್ಗವಾಗಿ ಬಂದರೂ, ಸೇವೆ ಬದಲಾಯಿಸಿದ ದಿನ ಅದು ಕಾಗದದ ಮೇಲಿಡುವ ಭಾರವಾಗಿ ಉಳಿಯುತ್ತದೆ. ತಯಾರಕರು ಅದರ ತಂತ್ರಾಂಶವನ್ನು ಈಗಲೂ ತಿದ್ದಿ ಕೊಡುತ್ತಿರುವರೇ ಎಂಬುದನ್ನೂ ವಿಚಾರಿಸಬೇಕು. ಎರವಲು ಮೇಜಿನಿಂದ ಬಂದ ಹಳೆಯ ಫೋನುಗಳಲ್ಲಿ ಈ ಎರಡು ದೋಷಗಳೂ ಜೊತೆಯಾಗಿರುವುದುಂಟು. ಇನ್ನು, ಈಗಿರುವ ಹಳೆಯ ತಂತಿಯ ಫೋನುಗಳೇ ಚೆನ್ನಾಗಿದ್ದರೆ, ಅವುಗಳನ್ನು ಹೊಸ ಜಾಲಕ್ಕೆ ಸೇರಿಸುವ ಎ. ಟಿ. ಎ. ಎಂಬ ಸಣ್ಣ ಪೆಟ್ಟಿಗೆ ಸಿಗುತ್ತದೆ, ಎಲ್ಲವನ್ನೂ ಎಸೆಯಬೇಕಾದ್ದಿಲ್ಲ.

ದಾರಿಯ ಪರೀಕ್ಷೆ

ಫೋನಿಗೆ ಬಹಳ ವೇಗದ ಇಂಟರ್‌ನೆಟ್ಟು ಬೇಕೆಂಬುದು ತಪ್ಪು ತಿಳಿವಳಿಕೆ. ಮೂಲ ಧ್ವನಿಗೆ ಸೆಕೆಂಡಿಗೆ 64 ಕಿಲೋಬಿಟ್ಟು, ಪೊಟ್ಟಣಗಳ ಮೇಲಿನ ವಿಳಾಸಗಳು ಸೇರಿದರೆ ಸುಮಾರು 87 ಕಿಲೋಬಿಟ್ಟು. ಐದು ಮಂದಿ ಏಕಕಾಲದಲ್ಲಿ ಮಾತನಾಡಿದರೂ ಹೋಗುವುದಕ್ಕೆ ಅರ್ಧ ಮೆಗಾಬಿಟ್ಟಿಗೆ ಕಡಿಮೆ, ಬರುವುದಕ್ಕೆ ಅಷ್ಟೇ. ಬೇಕಾದದ್ದು ವೇಗವಲ್ಲ, ಸಮನಾದ ನಡೆ. ಒಂದು ದಿಕ್ಕಿನಲ್ಲಿ ಮಾತು ಮುಟ್ಟಲು 150 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಳತೆ. ಪೊಟ್ಟಣಗಳ ನಡುವಣ ಅಂತರ ಏರುಪೇರಾಗುವುದು 30 ಮಿಲಿಸೆಕೆಂಡಿನ ಒಳಗೂ, ದಾರಿಯಲ್ಲಿ ಕಳೆದುಹೋಗುವುದು ನೂರಕ್ಕೆ ಒಂದರ ಒಳಗೂ ಇದ್ದರೆ ಮಾತು ಚೆನ್ನಾಗಿರುತ್ತದೆಂದು ಈ ವೃತ್ತಿಯವರ ಲೆಕ್ಕ.

ಆದ್ದರಿಂದ ಹತ್ತು ಫೋನುಗಳನ್ನು ಒಟ್ಟಿಗೆ ತರುವ ಬದಲು ಒಂದನ್ನು ತಂದು, ಕೆಲಸದ ದಿನ, ಎಲ್ಲರೂ ದುಡಿಯುವ ವೇಳೆಯಲ್ಲಿ, ಒಂದು ವಾರ ಮಾತನಾಡಿ ನೋಡುವುದು ಜಾಣತನ. ಭಾನುವಾರದ ಖಾಲಿ ಕಛೇರಿಯಲ್ಲಿ ಎಲ್ಲ ಫೋನುಗಳೂ ಗಾಯಕರಂತೆ ಮಾತನಾಡುತ್ತವೆ.

ಕೆಟ್ಟಾಗ ಎಲ್ಲಿ ನೋಡಬೇಕು?

ದೋಷ ಹುಡುಕುವಾಗ ಮೇಜಿನಿಂದ ಹೊರಗೆ ಹೆಜ್ಜೆ ಹೆಜ್ಜೆಯಾಗಿ ಹೋಗಬೇಕು. ಮೊಟ್ಟಮೊದಲ ಪರೀಕ್ಷೆಗೆ ಯಾವ ವಿದ್ಯೆಯೂ ಬೇಡ: ಸರಿಯಾಗಿರುವ ಫೋನನ್ನು ತಂದು ಕೆಟ್ಟ ಫೋನಿನ ಕೇಬಲ್ಲಿಗೆ ಸಿಕ್ಕಿಸಿ ನೋಡುವುದು. ಅದೂ ಮೌನವಾದರೆ ತಪ್ಪು ದಾರಿಯದು. ಅದು ಮಾತನಾಡಿದರೆ ತಪ್ಪು ಹಳೆಯ ಫೋನಿನದು ಅಥವಾ ಅದರ ಹೊಂದಿಕೆಗಳದು. ಐದು ನಿಮಿಷದ ಈ ಕೆಲಸದಿಂದ ಅರ್ಧ ಸಮಸ್ಯೆ ಬಗೆಹರಿದಂತೆ.

ಪರದೆಯೇ ಬೆಳಗದಿದ್ದರೆ ಕೇಬಲ್ಲು ತಪ್ಪು ಕಿಂಡಿಯಲ್ಲಿದೆಯೇ ನೋಡಬೇಕು. ಗಣಕಯಂತ್ರಕ್ಕೆಂದು ಇರುವ ಕಿಂಡಿಯಿಂದ ವಿದ್ಯುತ್ತು ಒಳಬರುವುದಿಲ್ಲ. ಇನ್ನೂ ಒಂದು ಅಪಾಯವುಂಟು. ನೆಲ ಗುಡಿಸುವಾಗ ಜೋತಾಡುತ್ತಿದ್ದ ಕೇಬಲ್ಲಿನ ತುದಿಯನ್ನು ಕಂಡು ಯಾರೋ ಪುಣ್ಯಾತ್ಮರು ಅದನ್ನು ಗೋಡೆಗೆ ಸಿಕ್ಕಿಸಿಬಿಡುತ್ತಾರೆ. ಫೋನಿನ ಎರಡು ಕಿಂಡಿಗಳೂ ಗೋಡೆಗೇ ಸೇರಿದರೆ ಪೊಟ್ಟಣಗಳು ಗಾಣದ ಎತ್ತಿನಂತೆ ಸುತ್ತತೊಡಗುತ್ತವೆ. ಒಂದು ಫೋನಲ್ಲ, ಇಡೀ ಕಛೇರಿಯ ಜಾಲವೇ ಸ್ತಬ್ಧವಾಗಬಹುದು. ರಿಸೀವರಿನಲ್ಲಿ ಸದ್ದೇ ಇಲ್ಲದಿದ್ದರೆ ಅದರ ಸುರುಳಿ ತಂತಿಯನ್ನು ಹೆಡ್‌ಸೆಟ್ಟಿನ ಕಿಂಡಿಗೆ ಸಿಕ್ಕಿಸಿರಬಹುದು. ಎಷ್ಟೋ ಫೋನುಗಳಲ್ಲಿ ಈ ಎರಡು ಕಿಂಡಿಗಳು ಅವಳಿಜವಳಿಗಳು.

ಪರದೆ ಬೆಳಗಿದೆ, ಹೊರಗೆ ಕರೆ ಹೋಗುತ್ತದೆ, ಗಂಟೆ ಮಾತ್ರ ಬಾರಿಸದು. ಆಗ ಮೊದಲು ನೋಡಬೇಕಾದದ್ದು ‘ತೊಂದರೆ ಕೊಡಬೇಡಿ’ ಎಂಬ ಡಿ. ಎನ್. ಡಿ. ಗುಂಡಿಯನ್ನು. ಧೂಳು ಒರೆಸುವ ಬಟ್ಟೆ ಅದನ್ನು ಒತ್ತಿರುವುದುಂಟು. ಹಿಂದಿನ ವಾರ ಊರಿಗೆ ಹೋದವರು ಕರೆಗಳನ್ನು ತಮ್ಮ ಮೊಬೈಲಿಗೆ ತಿರುಗಿಸಿ ಮರೆತಿರುವುದೂ ಉಂಟು. ಗಂಟೆಯ ಸದ್ದನ್ನೇ ಸೊನ್ನೆಗೆ ಇಳಿಸಿರುವುದೂ ಅಪೂರ್ವವಲ್ಲ.

ಇವಾವುವೂ ಅಲ್ಲವಾದರೆ ನೋಂದಣಿಯ ಕಡೆಗೆ ತಿರುಗಬೇಕು. ಪರದೆಯಲ್ಲಿ ನೋಂದಣಿ ಇಲ್ಲವೆಂಬ ಗುರುತಿದ್ದರೆ ಹೆಸರು, ಪಾಸ್‌ವರ್ಡು, ಸೇವಾದಾರರ ವಿಳಾಸ ಈ ಮೂರನ್ನೂ ಅಕ್ಷರ ಅಕ್ಷರವಾಗಿ ತಾಳೆ ನೋಡಬೇಕು. ಸಂಪರ್ಕ ಗೂಢಲಿಪಿಯದಾಗಿದ್ದರೆ ಫೋನಿನ ಗಡಿಯಾರ ತಪ್ಪಿದ್ದರೂ ನೋಂದಣಿ ನಿಲ್ಲುತ್ತದೆ. ನೋಂದಣಿ ಸರಿಯಾಗಿಯೇ ಕಾಣುತ್ತಿದ್ದು, ಹೊರಗೆ ಕರೆ ಮಾಡಿದ ಕೆಲವು ನಿಮಿಷ ಮಾತ್ರ ಒಳಗೂ ಕರೆ ಬಂದು, ಮತ್ತೆ ನಿಂತುಹೋಗುವ ವಿಚಿತ್ರ ರೋಗವೊಂದಿದೆ. ಕಛೇರಿಯ ರೂಟರು ಹೆಬ್ಬಾಗಿಲಿನ ಕಾವಲುಗಾರನಂತೆ. ಒಳಗಿನವರು ಹೊರಟಾಗ ಬಾಗಿಲು ತೆರೆದು, ಸ್ವಲ್ಪ ಹೊತ್ತು ಯಾರೂ ಓಡಾಡದಿದ್ದರೆ ಮುಚ್ಚಿಬಿಡುತ್ತದೆ. ಫೋನಿನ ಹೊಂದಿಕೆಯಲ್ಲಿ ‘ಕೀಪ್ ಅಲೈವ್’ ಎಂಬುದನ್ನು ತೆರೆದಿಟ್ಟರೆ, ಫೋನು ಅರ್ಧ ನಿಮಿಷಕ್ಕೊಮ್ಮೆ ಸಣ್ಣದೊಂದು ಪೊಟ್ಟಣ ಕಳುಹಿಸಿ ಬಾಗಿಲು ಮುಚ್ಚದಂತೆ ನೋಡಿಕೊಳ್ಳುತ್ತದೆ.

ಒಬ್ಬರ ಮಾತು ಕೇಳಿಸಿ ಇನ್ನೊಬ್ಬರದು ಕೇಳಿಸದಿದ್ದರೂ ದೋಷ ಬಹುಮಟ್ಟಿಗೆ ಈ ಕಾವಲುಗಾರನದೇ. ಫೋನು ತನ್ನ ಕಛೇರಿಯ ಒಳವಿಳಾಸವನ್ನು ಹೊರಗಿನವರಿಗೆ ಕೊಟ್ಟಿರುತ್ತದೆ. ‘ಹಿತ್ತಿಲ ಕೋಣೆ’ ಎಂದಷ್ಟೇ ಬರೆದ ಕಾಗದ ಅಂಚೆಯವನಿಗೆ ಎಲ್ಲಿ ತಿಳಿದೀತು? ಇದನ್ನು ತಿದ್ದಲೆಂದು ಅನೇಕ ರೂಟರುಗಳಲ್ಲಿ ‘ಸಿಪ್ ಎ. ಎಲ್. ಜಿ.’ ಎಂಬ ಸಹಾಯಕನನ್ನು ಇಟ್ಟಿರುತ್ತಾರೆ. ಆದರೆ ಈ ಸಹಾಯಕ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚಾಗಿ ಮಾಡುವುದು ಕಂಡುಬಂದಿದೆ. ಅದನ್ನು ನಿಲ್ಲಿಸಿ ನೋಡುವುದು ಅನುಭವಿಗಳ ಮೊದಲ ಮದ್ದು. ಕರೆ ಪ್ರತಿ ಸಲವೂ ಸರಿಯಾಗಿ 32 ಸೆಕೆಂಡಿಗೆ ಕಡಿದುಹೋಗುತ್ತಿದ್ದರೂ ಮದ್ದು ಅದೇ. ಕರೆ ಎತ್ತಿದ ಕಡೆಯಿಂದ ಹೋದ ಉತ್ತರಕ್ಕೆ ಮರುತ್ತರ ಬಾರದಿದ್ದರೆ, ಅಷ್ಟು ಹೊತ್ತು ಕಾದು ಕರೆ ಮುಗಿಸಬೇಕೆಂಬುದು ಸಿಪ್ ನಿಯಮಾವಳಿಯ ವಿಧಿ. ಆದ್ದರಿಂದ ಕರೆ ಕಡಿಯುವಾಗ ಗಡಿಯಾರ ನೋಡುವುದು ವ್ಯರ್ಥವಲ್ಲ. ವೇಳೆ ಒಂದೇ ಆಗಿದ್ದರೆ ತಪ್ಪು ಹೊಂದಿಕೆಯದು, ಹೊತ್ತುಗೊತ್ತಿಲ್ಲದೆ ಕಡಿದರೆ ಸಂಪರ್ಕದ್ದು.

ಮಾತು ಹರಿದುಹರಿದು ಬಂದರೆ ಯಾರಿಗೆ ಹರಿದು ಕೇಳುತ್ತದೆಂದು ವಿಚಾರಿಸಬೇಕು. ನಮ್ಮ ಮಾತು ಅವರಿಗೆ ತುಂಡಾಗಿ ಕೇಳಿಸಿದರೆ, ಕಛೇರಿಯಿಂದ ಹೊರಹೋಗುವ ದಾರಿಯಲ್ಲಿ ನೂಕುನುಗ್ಗಲಿದೆ ಎಂದರ್ಥ. ಯಾವುದೋ ಗಣಕಯಂತ್ರ ದೊಡ್ಡ ಕಡತಗಳನ್ನು ಕಳುಹಿಸುತ್ತಿರಬಹುದು. ಧ್ವನಿಯ ಪೊಟ್ಟಣಗಳಿಗೆ ಮೊದಲ ಸ್ಥಾನ ಕೊಡುವಂತೆ ರೂಟರಿಗೆ ಹೇಳುವ ಏರ್ಪಾಡುಂಟು. ತನ್ನ ದನಿ ತನಗೇ ಮರುದನಿಯಾಗಿ ಕೇಳಿಸಿದರೆ ತಪ್ಪು ಸಾಮಾನ್ಯವಾಗಿ ಎದುರಿನವರ ಉಪಕರಣದ್ದು. ಅವರು ತಮ್ಮ ಸ್ಪೀಕರಿನ ಸದ್ದನ್ನು ತಗ್ಗಿಸಿದರೆ ನಿಲ್ಲುತ್ತದೆ. ಬ್ಯಾಂಕಿನ ಯಾಂತ್ರಿಕ ದನಿ “ಒಂದನ್ನು ಒತ್ತಿರಿ” ಎಂದಾಗ ಒತ್ತಿದ ಅಂಕಿ ಮುಟ್ಟದಿದ್ದರೆ, ಫೋನಿನಲ್ಲಿ ಡಿ. ಟಿ. ಎಂ. ಎಫ್. ಎಂಬ ಹೊಂದಿಕೆಯನ್ನು ಸೇವಾದಾರರು ಹೇಳಿದಂತೆ ಬದಲಾಯಿಸಬೇಕು.

ಆಪತ್ತಿನ ಕರೆ

ಇಷ್ಟರವರೆಗೆ ಹೇಳಿದ್ದು ಅನಾನುಕೂಲದ ಮಾತಾಯಿತು. ಇನ್ನು ಮುಂದಿನದು ಪ್ರಾಣದ ಮಾತು.

2013ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಮಾರ್ಷಲ್ ಎಂಬ ಊರಿನ ವಸತಿಗೃಹವೊಂದರಲ್ಲಿ ಮಹಿಳೆಯೊಬ್ಬಳ ಮೇಲೆ ಮಾರಣಾಂತಿಕ ಹಲ್ಲೆ ನಡೆಯಿತು. ಒಂಬತ್ತು ವರ್ಷದ ಅವಳ ಮಗಳು ಕೋಣೆಯ ದೂರವಾಣಿಯಿಂದ, ತನಗೆ ಕಲಿಸಿದ್ದಂತೆಯೇ, 911ನ್ನು ನಾಲ್ಕು ಬಾರಿ ಒತ್ತಿದಳು. ಕರೆ ಹೋಗಲಿಲ್ಲ. ಹೊರಗಿನ ಕರೆಗೆ ಮೊದಲು ಇನ್ನೊಂದು 9 ಒತ್ತಬೇಕೆಂಬ ನಿಯಮ ಆ ದೂರವಾಣಿಯದಾಗಿತ್ತು. ಮಗುವಿಗೆ ಅದು ಗೊತ್ತಿರಲಿಲ್ಲ. ತಾಯಿ ಬದುಕಲಿಲ್ಲ. ಆಕೆಯ ಹೆಸರಿನಲ್ಲಿ ‘ಕ್ಯಾರಿಯ ಕಾನೂನು’ ಎಂಬ ಶಾಸನ 2018ರಲ್ಲಿ ಅಂಗೀಕಾರವಾಗಿ 2020ರ ಫೆಬ್ರವರಿಯಲ್ಲಿ ಜಾರಿಗೆ ಬಂದಿತು. ಅನೇಕ ಫೋನುಗಳ ವ್ಯವಸ್ಥೆಯಲ್ಲಿ ಆಪತ್ತಿನ ಸಂಖ್ಯೆ ಯಾವ ಮುನ್ನಂಕಿಯೂ ಇಲ್ಲದೆ ನೇರವಾಗಿ ಹೋಗತಕ್ಕದ್ದೆಂದು ಆ ಶಾಸನ ವಿಧಿಸುತ್ತದೆ. ಅಲ್ಲಿ ಕೆಟ್ಟದ್ದು ಯಂತ್ರವಲ್ಲ. ಯಾರೂ ಯೋಚಿಸದೆ ಬಿಟ್ಟ ಒಂದು ಹೊಂದಿಕೆ.

ಆ ಶಾಸನ ಆ ದೇಶದ್ದು. ಅದರ ಪಾಠ ಮಾತ್ರ ಎಲ್ಲ ದೇಶಗಳದು. ಹೊರಗಿನ ಕರೆಗೆ ಮೊದಲು ಸೊನ್ನೆ ಒತ್ತುವ ಪದ್ಧತಿ ನಮ್ಮ ಕಛೇರಿಗಳಲ್ಲಿಯೂ ಇದೆ. ಫೋನು ಅಳವಡಿಸಿದ ದಿನವೇ 112 ನೇರವಾಗಿಯೂ ಹೋಗಬೇಕು, ಸೊನ್ನೆ ಸೇರಿಸಿ ಒತ್ತಿದರೂ ಹೋಗಬೇಕು ಎಂದು ಅಳವಡಿಸುವವರಿಗೆ ಸ್ಪಷ್ಟವಾಗಿ ಹೇಳತಕ್ಕದ್ದು. ಪರೀಕ್ಷೆಗೆಂದು ಆ ಸಂಖ್ಯೆಗೆ ಸುಮ್ಮನೆ ಕರೆ ಮಾಡುವುದು ಸಲ್ಲದು. ಕರೆ ಹೋಗುವುದೇ, ಹೋದರೆ ಯಾವ ಊರಿನ ಕೇಂದ್ರಕ್ಕೆ ಹೋಗುವುದು ಎಂದು ಸೇವಾದಾರರಿಂದ ಬರಹದಲ್ಲಿ ಉತ್ತರ ಪಡೆಯುವುದು ಲೇಸು. ಇಂಟರ್‌ನೆಟ್ ಫೋನು ಯಾವ ಊರಿನಲ್ಲಿದ್ದರೂ ಒಂದೇ ಸಂಖ್ಯೆಯಿಂದ ಮಾತನಾಡಬಲ್ಲದಾದ್ದರಿಂದ, ಕರೆದವರು ಎಲ್ಲಿದ್ದಾರೆಂಬುದು ಅತ್ತ ತಾನಾಗಿ ತಿಳಿಯುವುದೆಂದು ನಂಬಿ ಕೂರಲಾಗದು. ಕಛೇರಿಯ ಪೂರ್ಣ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಪಕ್ಕದಲ್ಲಿ ಅಂಟಿಸಿದರೆ, ಗಾಬರಿಯ ಗಳಿಗೆಯಲ್ಲಿ ಹೊಸಬನೂ ಅದನ್ನು ಓದಿ ಹೇಳಬಲ್ಲನು.

ವಿದ್ಯುತ್ತಿನ ಮಾತೂ ಇಲ್ಲಿಗೇ ಸೇರಿದ್ದು. ಗಾಜಿನ ಎಳೆಯ ಕೇಬಲ್ಲು ಬೆಳಕನ್ನು ತರುತ್ತದೆ, ವಿದ್ಯುತ್ತನ್ನಲ್ಲ. ಕರೆಂಟು ಹೋದಾಗ ಫೋನು ಬದುಕಬೇಕಾದರೆ ಫೋನು, ಸ್ವಿಚ್ಚು, ರೂಟರು, ಗಾಜಿನ ಎಳೆ ಬಂದು ಸೇರುವ ಮೋಡೆಮ್ಮಿನ ಪೆಟ್ಟಿಗೆ ಈ ನಾಲ್ಕೂ ಬ್ಯಾಟರಿಯ ಆಸರೆಯಲ್ಲಿರಬೇಕು. ಮೂರಕ್ಕೆ ಆಸರೆಯಿತ್ತು ನಾಲ್ಕನೆಯದನ್ನು ಮರೆತರೆ, ಪರದೆ ಬೆಳಗುತ್ತಿದ್ದರೂ ಫೋನು ಮೂಕವೇ. ಐದು ಫೋನುಗಳ ಕಛೇರಿಗೆ ಇವೆಲ್ಲವೂ ಸೇರಿ ಸುಮಾರು 50 ವಾಟು ಬೇಕಾದೀತು. ಗಣಕಯಂತ್ರಗಳಿಗೆ ಹೋಲಿಸಿದರೆ ಅದು ಅಲ್ಪವೇ. ಇಷ್ಟಾದರೂ ಆಪತ್ತಿಗೆಂದು ಒಂದು ಮೊಬೈಲನ್ನು ಕಛೇರಿಯಲ್ಲಿ ಇಟ್ಟುಕೊಂಡಿರುವುದು ವಿವೇಕ.

ಕಳ್ಳರ ಕಣ್ಣು

ಹಳೆಯ ಫೋನಿಗೆ ಕನ್ನ ಹಾಕಲು ಕಳ್ಳನು ಕಂಬದ ಬಳಿಗೆ ಬರಬೇಕಾಗಿತ್ತು. ಹೊಸದಕ್ಕೆ ಅವನು ಸಾಗರದಾಚೆಯಿಂದಲೇ ಕನ್ನ ಹಾಕಬಲ್ಲನು. ಕಾರ್ಖಾನೆಯಿಂದ ಬಂದಾಗಿನ ಪಾಸ್‌ವರ್ಡನ್ನು ಹಾಗೆಯೇ ಬಿಟ್ಟ ಫೋನುಗಳನ್ನು ಹುಡುಕುವ ಯಂತ್ರಗಳು ಹಗಲಿರುಳೂ ಇಂಟರ್‌ನೆಟ್ಟಿನ ಬಾಗಿಲುಗಳನ್ನು ತಟ್ಟುತ್ತಿರುತ್ತವೆ. ಒಳಹೊಕ್ಕವನು ಶನಿವಾರ ರಾತ್ರಿ ಆರಂಭಿಸಿ ಸೋಮವಾರ ಬೆಳಗಿನವರೆಗೆ ದುಬಾರಿ ದರದ ವಿದೇಶಿ ಸಂಖ್ಯೆಗಳಿಗೆ ಕರೆ ಮಾಡುತ್ತಾನೆ; ಬಿಲ್ಲು ಕಛೇರಿಗೆ ಬರುತ್ತದೆ. ಪಾಸ್‌ವರ್ಡನ್ನು ಮೊದಲ ದಿನವೇ ಬದಲಾಯಿಸುವುದು, ಬೇಡವಾದರೆ ವಿದೇಶಿ ಕರೆಗಳನ್ನೇ ನಿಲ್ಲಿಸುವುದು, ತಿಂಗಳ ಬಿಲ್ಲಿಗೆ ಮಿತಿ ಹಾಕಿಸುವುದು, ಫೋನಿನ ಹೊಂದಿಕೆಯ ಪುಟ ಹೊರಗಿನವರಿಗೆ ತೆರೆಯದಂತೆ ನೋಡಿಕೊಳ್ಳುವುದು ಈ ನಾಲ್ಕು ಬೀಗಗಳಿಗೆ ಕಾಸು ಖರ್ಚಿಲ್ಲ.

ಬೆಳಗಿನ ಒಂದು ಕರೆ

ಇಷ್ಟೆಲ್ಲ ಕೇಳಿ ಹೊಸ ದೂರವಾಣಿಯೆಂದರೆ ತೊಡಕಿನ ಗಂಟೆಂದು ಯಾರೂ ಹೆದರಬೇಕಾದ್ದಿಲ್ಲ. ಇವುಗಳಲ್ಲಿ ಬಹುಪಾಲು ಒಮ್ಮೆ ಸರಿಪಡಿಸಿದರೆ ವರ್ಷಗಟ್ಟಲೆ ಮರೆಯಬಹುದಾದವು. ಫೋನುಗಳ ಹೊಂದಿಕೆಗಳನ್ನೂ ಸೇವಾದಾರರ ಸಂಖ್ಯೆಯನ್ನೂ ಯಾವ ಕೇಬಲ್ಲು ಎಲ್ಲಿಗೆ ಹೋಗುತ್ತದೆಂಬುದನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ, ಅಳವಡಿಸಿದ ಹುಡುಗ ಬೇರೆ ಊರು ಸೇರಿದರೂ ಕಛೇರಿ ಅನಾಥವಾಗದು.

ಮರೆಯಬಾರದ್ದು ಒಂದೇ. ಗಂಟೆ ಬಾರಿಸದ ಫೋನು ತಾನಾಗಿ ದೂರು ಹೇಳುವುದಿಲ್ಲ. ಅದನ್ನು ಕೇಳಿ ತಿಳಿಯಬೇಕು. ದಿನವೂ ಬೆಳಗ್ಗೆ ಬಾಗಿಲು ತೆರೆದು, ಕಸ ಗುಡಿಸಿ, ದೇವರ ಪಟಕ್ಕೆ ಹೂವಿಟ್ಟ ಮೇಲೆ ಯಾರಾದರೊಬ್ಬರು ತಮ್ಮ ಮೊಬೈಲಿನಿಂದ ಕಛೇರಿಯ ಸಂಖ್ಯೆಗೆ ಒಂದು ಕರೆ ಮಾಡಲಿ. ಗಂಟೆ ಬಾರಿಸಿತೇ, ಎತ್ತಿದಾಗ ಎರಡೂ ಕಡೆಗೆ ಮಾತು ಕೇಳಿಸಿತೇ, ಒಂದು ನಿಮಿಷ ಕಡಿಯದೆ ನಿಂತಿತೇ ಎಂದು ನೋಡಲಿ. ಅಷ್ಟಾದರೆ ಆ ದಿನ ಹಲ್ಲುನೋವಿನ ರೋಗಿಗೆ ಉತ್ತರ ಸಿಗುತ್ತದೆ. ತಡವಾಗುವ ತಾಯಿಯ ಮಾತು ಶಾಲೆಯನ್ನು ಮುಟ್ಟುತ್ತದೆ.